ಚೆಂಡಿನ ವೇಗವನ್ನು ಅಳೆಯುವ ಯಂತ್ರ: ಒಂದು ಪರಿಚಯ

ಸ್ಮರಣ ಸಂಚಿಕೆಯ ಸಂಪಾದಕ ಮಂಡಳಿಯವರು ನನ್ನಿಂದ ವಚನ ಸಾಹಿತ್ಯವನ್ನೋ ಹಳಗನ್ನಡ ಕಾವ್ಯವನ್ನೋ ಕುರಿತ ಲೇಖನವನ್ನು ನಿರೀಕ್ಷಿಸುವುದು ವಾಡಿಕೆ. ಈ ಸಲ ಕ್ರೀಡಾ ವಿಭಾಗದ ಯಂತ್ರವೊಂದನ್ನು ಕುರಿತು ಬರೆಯಲು ಹೊರಟಿರುವುದನ್ನು ಕಂಡು ಹಳೆಯ ವಿದ್ಯಾರ್ಥಿಗಳು ನಗಬಹುದು. ಶಬ್ದಮಣಿದರ್ಪಣದ ಸೂತ್ರಗಳನ್ನು ಬಾಯಿಪಾಠ ಮಾಡಿಸುತ್ತಿದ್ದ ಪಂಡಿತನಿಗೂ ಕ್ರಿಕೆಟ್ ಆಟಕ್ಕೂ ಎತ್ತಣಿಂದೆತ್ತ ಸಂಬಂಧವೆಂದು ಅವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ ಸರಿ. ಸಂಬಂಧ ಉಂಟಾದದ್ದು ಒಂದು ತಪ್ಪಿನಿಂದ. ಆ ತಪ್ಪನ್ನು ಮಾಡಿದವನು ನಾನೇ. ಆದ್ದರಿಂದ ಅದನ್ನು ಮೊದಲು ನಿವೇದಿಸಿ, ಆಮೇಲೆ ಯಂತ್ರದ ವಿಚಾರಕ್ಕೆ ಬರುತ್ತೇನೆ.

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಶಾಲೆಗೆ ಒಂದು ರೇಡಾರ್ ಗನ್ನನ್ನು ಕಾಣಿಕೆಯಾಗಿ ಕೊಟ್ಟರು. ಕೈಪಿಸ್ತೂಲಿನ ಆಕಾರದ, ಹಿಂಬದಿಯಲ್ಲಿ ಅಂಕಿಗಳು ಬೆಳಗುವ ಸಾಧನವದು. ಅದೇ ದಿನ ಹಳೆಯ ವಿದ್ಯಾರ್ಥಿಗಳಿಗೂ ಈಗಿನ ವಿದ್ಯಾರ್ಥಿಗಳಿಗೂ ಪಂದ್ಯ ಏರ್ಪಟ್ಟಿತ್ತು. ಅಧ್ಯಾಪಕರಲ್ಲಿ ಇಬ್ಬರು ತೀರ್ಪುಗಾರರಾಗಿ ನಿಂತರು, ಒಬ್ಬರು ಅಂಕ ಬರೆಯಲು ಕುಳಿತರು, ಉಳಿದವರು ಊಟದ ವ್ಯವಸ್ಥೆಗೆ ಹೋದರು. ಕೆಲಸವಿಲ್ಲದೆ ನಿಂತಿದ್ದವನು ನಾನೊಬ್ಬನೇ ಆದ್ದರಿಂದ ಯಂತ್ರ ನನ್ನ ಕೈಗೆ ಬಂತು. ಬೌಲರನ ಬೆನ್ನ ಹಿಂದೆ, ಗೆರೆಯ ಆಚೆ ಕುರ್ಚಿ ಹಾಕಿಸಿಕೊಂಡು ಕುಳಿತು, ಎಸೆತಕ್ಕೊಮ್ಮೆ ಗುಂಡಿಯನ್ನು ಒತ್ತಿ, ಕಂಡ ಅಂಕಿಯನ್ನು ಪುಸ್ತಕದಲ್ಲಿ ಬರೆಯುತ್ತಾ ಹೋದೆ.

ಹತ್ತನೆಯ ತರಗತಿಯ ಹುಡುಗನೊಬ್ಬ ಎಸೆಯುತ್ತಿದ್ದ. ಕೋಲಾರದ ಚಿನ್ನದ ಗಣಿಯ ಕಡೆಯವನು. ಮಾರಿಕುಪ್ಪಂ ಗಾಡಿಯಲ್ಲಿ ಚಾಂಪಿಯನ್ ನಿಲ್ದಾಣದಿಂದ ಬಂಗಾರಪೇಟೆಗೆ ದಿನವೂ ಬಂದುಹೋಗುವವನು. ಮನೆಯ ಮಾತು ತಮಿಳಾದರೂ ಕನ್ನಡದಲ್ಲಿ ಒಳ್ಳೆಯ ಅಂಕ ತೆಗೆಯುತ್ತಾನೆ. ಅವನ ತಾತ ಗಣಿಯಲ್ಲಿ ದುಡಿದವರು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ ಮೇಲೆ, ಆ ಊರಿನ ಸಾವಿರಾರು ಜನರಂತೆ ಅವನ ತಂದೆಯೂ ಬೆಳಗಿನ ಗಾಡಿಯಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಹಿಂತಿರುಗುತ್ತಾರೆ. ಹುಡುಗನ ಎಸೆತಗಳು 108, 111, 110 ಎಂದು ತೋರುತ್ತಿದ್ದವು. ಹಠಾತ್ತನೆ ಒಂದು ಎಸೆತಕ್ಕೆ 131 ಎಂಬ ಅಂಕಿ ಬೆಳಗಿತು. ನಾನು ಸಂತೋಷ ತಡೆಯಲಾರದೆ ಎದ್ದುನಿಂತು ಕೂಗಿ ಹೇಳಿಬಿಟ್ಟೆ. ಮೈದಾನವೆಲ್ಲ ಚಪ್ಪಾಳೆ ತಟ್ಟಿತು. ಆ ಚೆಂಡನ್ನು ಎದುರಿನ ಹಳೆಯ ವಿದ್ಯಾರ್ಥಿ ನೇರವಾಗಿ ಬೌಂಡರಿಗೆ ಬಾರಿಸಿದ್ದನ್ನು ಯಾರೂ ಗಣನೆಗೆ ತೆಗೆದುಕೊಳ್ಳಲಿಲ್ಲ. ಬೆಂಗಳೂರಿನ ಆಯ್ಕೆ ಶಿಬಿರಕ್ಕೆ ಹುಡುಗನನ್ನು ಕಳುಹಿಸಬೇಕೆಂದು ಅಂದೇ ಸಂಜೆ ಮಾತಾಯಿತು. ಈ ಸಂಚಿಕೆಯಲ್ಲಿ ಅಚ್ಚಾಗಬೇಕಾದ ಶಾಲಾ ದಾಖಲೆಗಳ ಪಟ್ಟಿಯಲ್ಲಿ 131 ಎಂಬುದೂ ಸೇರಿತು.

ಮೂರು ದಿನಗಳ ಬಳಿಕ ನಮ್ಮ ಭೌತವಿಜ್ಞಾನದ ಅಧ್ಯಾಪಕರು ಪುಸ್ತಕವನ್ನು ನೋಡಿ, "ಪಂಡಿತರೇ, ಇದಕ್ಕೆ ಹಿಂದಿನದು 110, ಮುಂದಿನದು 109. ನಡುವೆ 131 ಹೇಗೆ ಬಂತು? ಆ ಚೆಂಡನ್ನು ಹೊಡೆದರಾ?" ಎಂದು ಕೇಳಿದರು. ಹೊಡೆದರು, ನೇರವಾಗಿ ನನ್ನ ಕಡೆಗೇ ಬಂತು ಎಂದೆ. ಅವರು ನಕ್ಕರು. ಯಂತ್ರ ಅಳೆದದ್ದು ಹುಡುಗನ ಎಸೆತವನ್ನಲ್ಲ, ಬ್ಯಾಟಿನಿಂದ ಸಿಡಿದು ಹಿಂದಿರುಗಿದ ಚೆಂಡನ್ನು! ನಮ್ಮಲ್ಲಿರುವಂಥ ಅಗ್ಗದ ಸಾಧನಕ್ಕೆ ಚೆಂಡು ಹೋಗುತ್ತಿದೆಯೋ ಬರುತ್ತಿದೆಯೋ ಎಂಬ ಭೇದ ತಿಳಿಯದು. ಗುಂಡಿ ಒತ್ತಿದ ಅವಧಿಯಲ್ಲಿ ಕಂಡ ಅತ್ಯಧಿಕ ವೇಗವನ್ನು ಹಿಡಿದು ತೋರಿಸುವುದಷ್ಟೇ ಅದರ ಧರ್ಮ. ಅಂದಿನಿಂದ ಒಂದು ತಿಂಗಳು ನಾನು ಆ ಅಧ್ಯಾಪಕರ ಶಿಷ್ಯನಾದೆ. ಮುಂದೆ ಹೇಳುವುದರಲ್ಲಿ ಸರಿಯಾದದ್ದೆಲ್ಲ ಅವರಿಂದ ಕಲಿತದ್ದು.

ಯಂತ್ರದ ತತ್ತ್ವವನ್ನು ತಿಳಿಯಲು ನಮ್ಮ ಬಂಗಾರಪೇಟೆಯ ರೈಲು ನಿಲ್ದಾಣಕ್ಕಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ. ಬೆಂಗಳೂರು–ಚೆನ್ನೈ ಮಾರ್ಗದಲ್ಲಿ ಇಲ್ಲಿ ನಿಲ್ಲದೆ ಹೋಗುವ ಗಾಡಿಗಳಿವೆ. ಅಂಥ ಗಾಡಿ ದೂರದಿಂದ ಸೀಟಿ ಊದುತ್ತಾ ಬಂದು ನಮ್ಮನ್ನು ದಾಟಿಹೋಗುವ ಕ್ಷಣದಲ್ಲಿ ಸೀಟಿಯ ಶ್ರುತಿ ಥಟ್ಟನೆ ಇಳಿಯುವುದನ್ನು ಗಮನಿಸದವರಿಲ್ಲ. ಚಾಲಕ ಸೀಟಿಯನ್ನು ಬದಲಿಸಿರುವುದಿಲ್ಲ. ಗಾಡಿಯೊಳಗೆ ಕುಳಿತವನಿಗೆ ಶ್ರುತಿ ಒಂದೇ ಸಮನಾಗಿರುತ್ತದೆ. ಗಾಡಿ ನಮ್ಮತ್ತ ಬರುತ್ತಿರುವಾಗ, ಸೀಟಿಯ ಒಂದು ಕಂಪನ ಹೊರಟು ಮುಂದಿನ ಕಂಪನ ಹೊರಡುವಷ್ಟರಲ್ಲಿ ಗಾಡಿಯೇ ಕೊಂಚ ಮುಂದೆ ಬಂದಿರುತ್ತದೆ. ಹೀಗಾಗಿ ಧ್ವನಿಯ ಅಲೆಗಳು ಒಂದರ ಬೆನ್ನಿಗೊಂದು ಒತ್ತೊತ್ತಾಗಿ ಕಿವಿಗೆ ತಲುಪುತ್ತವೆ, ಶ್ರುತಿ ಏರಿದಂತೆ ಕೇಳುತ್ತದೆ. ಗಾಡಿ ದೂರ ಸರಿಯುವಾಗ ಅಲೆಗಳು ವಿರಳವಾಗಿ ಶ್ರುತಿ ಇಳಿಯುತ್ತದೆ.

ಎಷ್ಟು ಇಳಿಯುತ್ತದೆ ಎಂಬುದೇ ಇಲ್ಲಿ ಮುಖ್ಯ. ಗಾಡಿಯ ವೇಗ ಗಂಟೆಗೆ 110 ಕಿಲೋಮೀಟರ್, ಧ್ವನಿಯ ವೇಗ ಸೆಕೆಂಡಿಗೆ 340 ಮೀಟರ್, ಸೀಟಿಯ ಕಂಪನಗಳು ಸೆಕೆಂಡಿಗೆ 500 ಎಂದಿಟ್ಟುಕೊಳ್ಳೋಣ. ಗಾಡಿ ಬರುವಾಗ ಕಿವಿಗೆ ತಲುಪುವ ಕಂಪನಗಳು ಸುಮಾರು 550, ಹೋಗುವಾಗ ಸುಮಾರು 460. ಇವೆರಡರ ಅನುಪಾತ ಹೆಚ್ಚುಕಡಮೆ 6ಕ್ಕೆ 5. ಸಂಗೀತ ಬಲ್ಲವರು ಇದನ್ನು ಕೂಡಲೇ ಗುರುತಿಸುತ್ತಾರೆ: ಸಾಧಾರಣ ಗಾಂಧಾರಕ್ಕೂ ಷಡ್ಜಕ್ಕೂ ಇರುವ ಅಂತರವದು. ಅಂದರೆ, ಸೀಟಿಯು ಗಾಂಧಾರದಿಂದ ಷಡ್ಜಕ್ಕೆ ಇಳಿಯಿತೆಂದು ಕಿವಿಯಿಂದಲೇ ಗುರುತಿಸಬಲ್ಲ ವಿದ್ವಾಂಸನು ಗಾಡಿಯ ವೇಗ ಇಂತಿಷ್ಟೆಂದು ಹೇಳಬಲ್ಲ. ಇಳಿತ ಇದಕ್ಕಿಂತ ಹೆಚ್ಚಾದರೆ ಗಾಡಿ ಇನ್ನೂ ವೇಗವಾಗಿದೆ, ಕಡಿಮೆಯಾದರೆ ನಿಧಾನವಾಗಿದೆ. ಶ್ರುತಿಭೇದದಿಂದ ವೇಗವನ್ನು ತಿಳಿಯುವುದು! ನಾನು ಈ ಲೆಕ್ಕವನ್ನು ಕೇಳಿದ ಮೇಲೆ ನಿಲ್ದಾಣದಲ್ಲಿ ಕೈಯಲ್ಲಿ ಶ್ರುತಿಪೆಟ್ಟಿಗೆಯೊಂದಿಲ್ಲದೆ ನಿಲ್ಲುವುದು ವ್ಯರ್ಥವೆನಿಸಿದ್ದುಂಟು.

ಈ ತತ್ತ್ವವನ್ನು ಆಸ್ಟ್ರಿಯದ ಕ್ರಿಶ್ಚಿಯನ್ ಡಾಪ್ಲರ್ ಎಂಬ ವಿಜ್ಞಾನಿ 1842ರಲ್ಲಿ ಪ್ರಾಗ್ ನಗರದಲ್ಲಿ ಪ್ರತಿಪಾದಿಸಿದ. ಅವನ ಮನಸ್ಸಿನಲ್ಲಿ ಇದ್ದದ್ದು ರೈಲಲ್ಲ, ಜೋಡಿ ನಕ್ಷತ್ರಗಳ ಬಣ್ಣ. ರೈಲಿನ ಮೇಲೆ ಅದನ್ನು ಪರೀಕ್ಷಿಸಿದವನು ಹಾಲೆಂಡಿನ ಬಾಯ್ಸ್ ಬ್ಯಾಲೊ. 1845ರಲ್ಲಿ ಅವನು ಕಹಳೆ ಊದುವವರನ್ನು ತೆರೆದ ಬಂಡಿಯಲ್ಲಿ ನಿಲ್ಲಿಸಿ, ಶ್ರುತಿಜ್ಞಾನವುಳ್ಳ ಸಂಗೀತಗಾರರನ್ನು ಹಳಿಯ ಪಕ್ಕದಲ್ಲಿ ನಿಲ್ಲಿಸಿ, ಬಂಡಿ ಹಾದುಹೋಗುವಾಗ ಸ್ವರ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಬರೆಸಿಕೊಂಡ. ವೇಗಕ್ಕೂ ಶ್ರುತಿಗೂ ಇರುವ ಸಂಬಂಧಕ್ಕೆ ಮೊದಲ ಸಾಕ್ಷಿ ಹೇಳಿದವರು ಹೀಗೆ ಸಂಗೀತಗಾರರೇ.

ಚೆಂಡು ಸೀಟಿ ಊದುವುದಿಲ್ಲವಲ್ಲ? ಅದಕ್ಕಾಗಿಯೇ ಯಂತ್ರವು ತಾನೇ ಒಂದು ಸ್ವರವನ್ನು ಅದರ ಮೇಲೆ ಎಸೆಯುತ್ತದೆ. ಅದು ಧ್ವನಿಯಲ್ಲ, ಬೆಳಕಿನಂತೆ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಸಾಗುವ, ಕಣ್ಣಿಗೆ ಕಾಣದ ರೇಡಿಯೊ ಅಲೆ. ಇಂಥ ಬಹುಪಾಲು ಸಾಧನಗಳಲ್ಲಿ ಅದರ ಕಂಪನಗಳು ಸೆಕೆಂಡಿಗೆ ಸುಮಾರು 2400 ಕೋಟಿ. ಅಲೆ ಹೋಗಿ ಚೆಂಡಿಗೆ ತಾಗಿ ಪ್ರತಿಫಲಿಸಿ ಹಿಂದಿರುಗುತ್ತದೆ. ಚೆಂಡು ಚಲಿಸುತ್ತಿರುವುದರಿಂದ ಹಿಂದಿರುಗಿದ ಅಲೆಯ ಕಂಪನದಲ್ಲಿ ವ್ಯತ್ಯಾಸವಾಗಿರುತ್ತದೆ. ತಾಗುವಾಗ ಒಮ್ಮೆ, ಮರಳುವಾಗ ಒಮ್ಮೆ, ಹೀಗೆ ಇಮ್ಮಡಿ ವ್ಯತ್ಯಾಸ. ಆದರೆ ಬೆಳಕಿನ ವೇಗದ ಮುಂದೆ ಕ್ರಿಕೆಟ್ ಚೆಂಡಿನ ವೇಗ ಎಷ್ಟು ಅಲ್ಪ! ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡಿನಿಂದ ಆ 2400 ಕೋಟಿಯಲ್ಲಿ ಆಗುವ ವ್ಯತ್ಯಾಸ ಸುಮಾರು 6200 ಮಾತ್ರ. ಇಷ್ಟು ದೊಡ್ಡ ರಾಶಿಯಲ್ಲಿ ಇಷ್ಟು ಸಣ್ಣ ಏರುಪೇರನ್ನು ಕಂಡುಹಿಡಿಯುವ ಉಪಾಯವೇನು?

ತಂಬೂರಿಯನ್ನು ಶ್ರುತಿಗೂಡಿಸುವವರಿಗೆ ಆ ಉಪಾಯ ತಿಳಿದೇ ಇದೆ. ಎರಡು ತಂತಿಗಳು ಸಮಶ್ರುತಿಗೆ ಹತ್ತಿರ ಬಂದು, ಇನ್ನೂ ಕೂಡದಿರುವಾಗ ನಾದದಲ್ಲಿ ಒಂದು ಅಲೆಯಾಟ ಕೇಳುತ್ತದೆ. ನಾದ ಉಬ್ಬುತ್ತದೆ, ಕುಗ್ಗುತ್ತದೆ. ಒಂದು ತಂತಿ ಸೆಕೆಂಡಿಗೆ 200 ಸಲ, ಇನ್ನೊಂದು 203 ಸಲ ಕಂಪಿಸಿದರೆ, ಸೆಕೆಂಡಿಗೆ ಮೂರು ಉಬ್ಬುಗಳು. ತಂತಿಗಳ ಕಂಪನವನ್ನು ಯಾರೂ ಎಣಿಸಲಾರರು, ಉಬ್ಬುಗಳನ್ನು ಮಗುವೂ ಎಣಿಸುತ್ತದೆ. ರೇಡಾರ್ ಗನ್ ಮಾಡುವುದು ಇದನ್ನೇ. ತಾನು ಕಳುಹಿದ ಅಲೆಯನ್ನೂ ಮರಳಿ ಬಂದ ಅಲೆಯನ್ನೂ ಕೂಡಿಸಿ, ಅವೆರಡರ ನಡುವಿನ ಅಲೆಯಾಟವನ್ನು ಎಣಿಸುತ್ತದೆ. ಗಂಟೆಗೆ ಒಂದು ಕಿಲೋಮೀಟರ್ ವೇಗಕ್ಕೆ ಸುಮಾರು 45 ಉಬ್ಬುಗಳು. ಎಣಿಸಿದ್ದನ್ನು ಭಾಗಿಸಿದರೆ ವೇಗ ಸಿದ್ಧ.

ಇದನ್ನು ಆಟದ ಮೈದಾನಕ್ಕೆ ತಂದ ಕಥೆ ಸ್ವಾರಸ್ಯವಾಗಿದೆ. ಅಮೆರಿಕದಲ್ಲಿ ಪೊಲೀಸರು ಇದೇ ತತ್ತ್ವದ ಯಂತ್ರದಿಂದ ಮೋಟಾರುಗಳ ವೇಗವನ್ನು ಹಿಡಿಯುತ್ತಿದ್ದರು. 1974ರಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಬೇಸ್‌ಬಾಲ್ ಶಿಕ್ಷಕ ಡ್ಯಾನಿ ಲಿಟ್‌ವೈಲರ್, ಮೋಟಾರನ್ನು ಅಳೆಯುವ ಯಂತ್ರ ಚೆಂಡನ್ನು ಏಕೆ ಅಳೆಯಬಾರದೆಂದು ಯೋಚಿಸಿ, ಪೊಲೀಸರ ಯಂತ್ರದಿಂದಲೇ ಪ್ರಯೋಗ ನಡೆಸಿದ. ಕ್ರಿಕೆಟ್ಟಿನ ದೂರದರ್ಶನ ಪ್ರಸಾರದಲ್ಲಿ ಎಸೆತದ ವೇಗವನ್ನು ತೋರಿಸುವುದು ರೂಢಿಗೆ ಬಂದದ್ದು 1990ರ ದಶಕದ ಕೊನೆಯ ಹೊತ್ತಿಗೆ. ಈಚೆಗೆ ಚೆಂಡಿನ ಪಥವನ್ನು ಹಲವು ಕ್ಯಾಮರಾಗಳಿಂದ ಹಿಂಬಾಲಿಸಿ ವೇಗವನ್ನು ಗಣಿಸುವ ವಿಧಾನವೂ ಬಂದಿದೆ.

ನಿಲುಗಡಿಯಾರದಿಂದ ಅಳೆಯಬಾರದೇ ಎಂದು ಕೇಳಿದವರುಂಟು. ಒಂದು ಗೆರೆಯಿಂದ ಇನ್ನೊಂದು ಗೆರೆಗೆ 17.68 ಮೀಟರ್, 140 ಕಿಲೋಮೀಟರ್ ವೇಗದ ಚೆಂಡಿಗೆ ಅದು ಅರ್ಧ ಸೆಕೆಂಡಿನೊಳಗಿನ ದಾರಿ. ಛಂದಸ್ಸಿನ ಭಾಷೆಯಲ್ಲಿ ಹೇಳುವುದಾದರೆ ಎರಡು ಮೂರು ಲಘುಗಳನ್ನು ಉಚ್ಚರಿಸುವಷ್ಟು ಕಾಲ. ಗಡಿಯಾರ ಒತ್ತುವ ಬೆರಳು ಸೆಕೆಂಡಿನ ಹತ್ತನೆಯ ಒಂದು ಭಾಗ ಹಿಂದುಮುಂದಾದರೆ ಅದೇ ಚೆಂಡು ಒಮ್ಮೆ 115 ಎಂದೂ ಒಮ್ಮೆ 179 ಎಂದೂ ತೋರುತ್ತದೆ. ಆ ದಾರಿ ಮುಚ್ಚಿದಂತೆಯೇ.

ಇನ್ನು ಅಂಕಿಯ ಅರ್ಥ. ನಾನು ಎಡವಿದ್ದು ಇಲ್ಲಿ, ಎಡವುವವರು ಬಹಳ ಮಂದಿ ಇರುವುದೂ ಇಲ್ಲಿಯೇ. ಯಂತ್ರವು ಚೆಂಡಿನ ಪೂರ್ಣ ವೇಗವನ್ನು ಕಾಣುವುದಿಲ್ಲ. ತನ್ನತ್ತ ಬರುವ ಅಥವಾ ತನ್ನಿಂದ ದೂರ ಸರಿಯುವ ಭಾಗವನ್ನು ಮಾತ್ರ ಕಾಣುತ್ತದೆ. ಪಕ್ಕದಲ್ಲಿ ಅಡ್ಡಲಾಗಿ ಹಾದುಹೋಗುವ ಗಾಡಿಯ ಸೀಟಿ, ಅದು ಸರಿಯಾಗಿ ನಮ್ಮೆದುರಿಗಿರುವ ಕ್ಷಣದಲ್ಲಿ, ಏರಿದ್ದೂ ಅಲ್ಲ ಇಳಿದದ್ದೂ ಅಲ್ಲ. ಹಾಗೆಯೇ ಯಂತ್ರ ಹಿಡಿದವನು ಚೆಂಡಿನ ದಾರಿಯಿಂದ ಓರೆಯಾಗಿ ನಿಂತರೆ ಅಂಕಿ ತಗ್ಗುತ್ತದೆ. ಓರೆ 10 ಅಂಶವಾದರೆ 140ರ ಚೆಂಡು 138 ಎಂದು ಕಾಣುತ್ತದೆ, ಅದೇನೂ ದೊಡ್ಡದಲ್ಲ. 20 ಅಂಶವಾದರೆ 132ಕ್ಕಿಂತ ಕೆಳಗೆ. 30 ಅಂಶವಾದರೆ 121. ನೆರಳಿಗೆಂದು ಮರದ ಬುಡದಲ್ಲಿ ಕುಳಿತು ಅಳೆದವನು ಹುಡುಗನಿಗೆ ಅನ್ಯಾಯ ಮಾಡುತ್ತಾನೆ.

ಎರಡನೆಯದಾಗಿ, ಚೆಂಡಿಗೆ ಒಂದೇ ವೇಗವಿಲ್ಲ. ಕೈಬಿಟ್ಟ ಕ್ಷಣದಿಂದ ಗಾಳಿ ಅದನ್ನು ತಡೆಯುತ್ತದೆ. ಪಿಚ್ಚಿನ ಉದ್ದವನ್ನು ದಾಟುವಷ್ಟರಲ್ಲಿ ಗಾಳಿಯೊಂದರಿಂದಲೇ ಹತ್ತನೆಯ ಒಂದು ಪಾಲಿನಷ್ಟು ವೇಗ ಕಳೆಯುತ್ತದೆ. ನೆಲಕ್ಕೆ ಬಿದ್ದು ಪುಟಿಯುವಾಗ ಇನ್ನಷ್ಟು ನಷ್ಟ. ದೂರದರ್ಶನದಲ್ಲಿ ತೋರಿಸುವುದು ಕೈಬಿಟ್ಟ ಕ್ಷಣದ ವೇಗ. ದಾಂಡಿಗನ ಬಳಿ ಅಳೆದ ಅಂಕಿಯನ್ನು ಇದರೊಂದಿಗೆ ಹೋಲಿಸುವುದು ಹಿತ್ತಾಳೆಯ ತೂಕವನ್ನು ಬಂಗಾರದ ತೂಕದೊಂದಿಗೆ ಹೋಲಿಸಿದಂತೆ.

ಬಂಗಾರದ ಮಾತು ಬಂದದ್ದರಿಂದ ಹೇಳುತ್ತೇನೆ. ಗಣಿಯ ಕಡೆಯ ಹಿರಿಯರಿಗೆ ಈ ವಿಚಾರವನ್ನು ವಿವರಿಸಿದರೆ ಒಡನೆಯೇ ಗ್ರಹಿಸುತ್ತಾರೆ. ಟನ್ ಅದಿರಿಗೆ ಎಷ್ಟು ಗ್ರಾಂ ಚಿನ್ನ ಎಂಬುದರ ಮೇಲೆ ಅಲ್ಲಿ ನೂರಿಪ್ಪತ್ತು ವರ್ಷ ಬದುಕು ನಿಂತಿತ್ತು. ಮೊದಲ ದಶಕಗಳಲ್ಲಿ ಹತ್ತಾರು ಗ್ರಾಂ ದೊರೆತದ್ದು ಕೊನೆಯಲ್ಲಿ ಮೂರು ನಾಲ್ಕು ಗ್ರಾಂಗೆ ಇಳಿದಾಗ, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಗಣಿಯನ್ನು ನಡೆಸುವುದು ದುಸ್ತರವಾಯಿತು. ಆದರೆ ಆ ಗ್ರಾಂ ಲೆಕ್ಕ ಕೇಳಿದ ಕೂಡಲೇ ಅನುಭವಿಗಳು ಕೇಳುತ್ತಿದ್ದ ಮರುಪ್ರಶ್ನೆ ಒಂದೇ: ಚೂರನ್ನು ತೆಗೆದದ್ದು ಎಲ್ಲಿಂದ? ಹೊಳೆಯುವ ಗೆರೆಯ ನಡುವಿನಿಂದಲೋ, ಪಕ್ಕದ ಬರಿಗಲ್ಲಿನಿಂದಲೋ? ವೇಗದ ಅಂಕಿಗೂ ಇದೇ ಮರುಪ್ರಶ್ನೆ ಬೇಕು.

ಜಗತ್ಪ್ರಸಿದ್ಧ ಅಂಕಿಗಳಿಗೂ ಈ ಪ್ರಶ್ನೆಯನ್ನು ಹಾಕಬಹುದು. ಆಸ್ಟ್ರೇಲಿಯದ ಜೆಫ್ ಥಾಮ್ಸನ್‌ನ ಎಸೆತವನ್ನು 1975ರ ಡಿಸೆಂಬರಿನಲ್ಲಿ ಪರ್ತ್ ನಗರದಲ್ಲಿ ಅತಿವೇಗದ ಕ್ಯಾಮರಾಗಳಿಂದ ಅಳೆದಾಗ ಗಂಟೆಗೆ 160.45 ಕಿಲೋಮೀಟರ್ ಬಂತು. 1979ರ ವೇಗದ ಸ್ಪರ್ಧೆಯೊಂದರಲ್ಲಿ ಅದೇ ಥಾಮ್ಸನ್ 147.9ರಿಂದಲೇ ಮೊದಲಿಗನಾದ. ಸಾಧನ ಬೇರೆ, ಸಂದರ್ಭ ಬೇರೆ. ಅದಕ್ಕಿಂತ ಹೆಚ್ಚಾಗಿ, ನಡುವೆ 1976ರಲ್ಲಿ ಕ್ಯಾಚ್ ಹಿಡಿಯಲು ಓಡಿ ಸಹ ಆಟಗಾರನಿಗೆ ಡಿಕ್ಕಿ ಹೊಡೆದು ಅವನ ಭುಜಕ್ಕೆ ತೀವ್ರವಾಗಿ ಪೆಟ್ಟಾಗಿತ್ತು. ಪಾಕಿಸ್ತಾನದ ಶೋಯೆಬ್ ಅಖ್ತರ್ 2003ರ ಫೆಬ್ರವರಿ 22ರಂದು ಕೇಪ್‌ಟೌನಿನಲ್ಲಿ ಇಂಗ್ಲೆಂಡಿನ ನಿಕ್ ನೈಟ್‌ಗೆ ಎಸೆದ 161.3 ಕಿಲೋಮೀಟರ್ ವೇಗದ ಚೆಂಡು ದಾಖಲೆಯೆಂದು ಪ್ರಸಿದ್ಧ. ಆ ಎಸೆತದಲ್ಲಿ ಓಟವೂ ಬರಲಿಲ್ಲ, ವಿಕೆಟ್ಟೂ ಬೀಳಲಿಲ್ಲ ಎಂಬುದು ಅಷ್ಟು ಪ್ರಸಿದ್ಧವಲ್ಲ. ನಮ್ಮ ನಾಡಿನಲ್ಲಿಯೇ, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, 2024ರ ಏಪ್ರಿಲ್ 2ರಂದು ಮಯಂಕ್ ಯಾದವ್ ಎಂಬ ತರುಣ 156.7 ಕಿಲೋಮೀಟರ್ ವೇಗದಲ್ಲಿ ಎಸೆದದ್ದನ್ನು ನಮ್ಮ ಹುಡುಗರು ದೂರದರ್ಶನದಲ್ಲಿ ಕಂಡು ಹುಚ್ಚೆದ್ದರು. ಆ ಋತುವಿನಲ್ಲಿಯೇ ಅವನು ಗಾಯಗೊಂಡು ಹೊರಗೆ ಕುಳಿತದ್ದನ್ನು ನಾನು ಅವರಿಗೆ ನೆನಪಿಸಬೇಕಾಯಿತು.

ಅರಸೀಕೆರೆಯಲ್ಲಿ ಹುಟ್ಟಿದ ಡೇವಿಡ್ ಜಾನ್ಸನ್ ಅವರ ಹೆಸರನ್ನು ಇಂದಿನ ಮಕ್ಕಳು ಅರಿಯರು. 1996ರಲ್ಲಿ ದೆಹಲಿಯಲ್ಲಿ ಆಸ್ಟ್ರೇಲಿಯದ ವಿರುದ್ಧ ಮೊದಲ ಟೆಸ್ಟ್ ಆಡಿದ ಅವರ ಎಸೆತವೊಂದರ ವೇಗ 157.8 ಎಂದು ಇಂದಿಗೂ ಬರೆಯುತ್ತಾರೆ. ಅವರು ಆಡಿದ್ದು ಎರಡೇ ಟೆಸ್ಟ್, ಪಡೆದದ್ದು ಮೂರು ವಿಕೆಟ್.

ಜಾವಗಲ್ ಶ್ರೀನಾಥ್ ಅವರ ವಿಷಯ ಬೇರೆ. ಮೈಸೂರಿನ ಮರಿಮಲ್ಲಪ್ಪ ಪ್ರೌಢಶಾಲೆಯಲ್ಲಿ ಓದಿ, ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪದವಿ ಪಡೆದವರು. ಆ ಕಾಲೇಜು ಸುತ್ತೂರು ಶ್ರೀಮಠದ ಜೆಎಸ್ಎಸ್ ಮಹಾವಿದ್ಯಾಪೀಠದ್ದೆಂಬುದನ್ನು ಮಠದ ಶಾಲೆಯ ಈ ಸಂಚಿಕೆಯಲ್ಲಿ ಅಭಿಮಾನದಿಂದ ಸ್ಮರಿಸಬಹುದು. ಅವರು ಓದಿದ ವಿಷಯ ಇನ್‌ಸ್ಟ್ರುಮೆಂಟೇಷನ್, ಅಂದರೆ ಅಳೆಯುವ ಉಪಕರಣಗಳ ಶಾಸ್ತ್ರವೇ! 1991ರಲ್ಲಿ ಟೆಸ್ಟ್ ಆಟಕ್ಕೆ ಕಾಲಿಟ್ಟ ಅವರ ಮೊದಲ ವರ್ಷಗಳ ಎಸೆತಗಳಿಗೆ ವೇಗದ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಎಸೆತಕ್ಕೊಮ್ಮೆ ಅಳೆಯುವ ರೂಢಿ ಇನ್ನೂ ಬಂದಿರಲಿಲ್ಲ. 1997ರಲ್ಲಿ ಭುಜದ ಶಸ್ತ್ರಚಿಕಿತ್ಸೆಯಾಗಿ ತಿಂಗಳುಗಟ್ಟಲೆ ಆಟದಿಂದ ದೂರವಿದ್ದರು. ಮರಳಿ ಬಂದು ಆಡಿ, ಒಟ್ಟು 236 ಟೆಸ್ಟ್ ವಿಕೆಟ್ಟುಗಳನ್ನೂ 315 ಏಕದಿನ ವಿಕೆಟ್ಟುಗಳನ್ನೂ ಗಳಿಸಿದರು.

ಭುಜದ ಮಾತನ್ನು ಮತ್ತೆ ಮತ್ತೆ ಎತ್ತುವುದಕ್ಕೆ ಕಾರಣವುಂಟು. 131 ಎಂಬ ಸುಳ್ಳು ಅಂಕಿ ಪುಸ್ತಕದಲ್ಲಿದ್ದ ಆ ಮೂರು ದಿನ ನಮ್ಮ ಹುಡುಗ ಅದನ್ನು ಮತ್ತೆ ಮುಟ್ಟಬೇಕೆಂದು ಬೆಳಿಗ್ಗೆಯೂ ಸಂಜೆಯೂ ಎಸೆದಿದ್ದ. ನಾಲ್ಕನೆಯ ದಿನ ತರಗತಿಯಲ್ಲಿ ಬಲಗೈ ಎತ್ತಿ ಬರೆಯಲಾರದೆ ಕುಳಿತಿದ್ದುದನ್ನು ಕಂಡೆ. ಹದಿನಾರು ವರ್ಷದ ಎಲುಬು ಇನ್ನೂ ಬೆಳೆಯುತ್ತಿರುವ ಎಲುಬು. ಭುಜಕ್ಕಿಂತಲೂ ಬೆನ್ನಿಗೆ ಅಪಾಯ ಹೆಚ್ಚೆಂದು ವೈದ್ಯರು ಹೇಳುತ್ತಾರೆ. ಸತ್ಯವನ್ನು ಬೇರೆಯವರಿಂದ ಹೇಳಿಸದೆ ನಾನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅದು ನನ್ನದಲ್ವಾ ಸಾರ್?" ಎಂದ. ಅಲ್ಲಪ್ಪ, ಅದು ಹೊಡೆದವನದು ಎಂದೆ. "ಅಪ್ಪನಿಗೆ ಹೇಳಿಬಿಟ್ಟಿದ್ದೀನಿ ಸಾರ್" ಎಂದ. ಅಂದು ರಾತ್ರಿ ಅವನ ತಂದೆ ಬರುವ ಗಾಡಿಯ ಹೊತ್ತಿಗೆ ನಾನು ನಿಲ್ದಾಣಕ್ಕೆ ಹೋಗಿ, ತಪ್ಪು ಹುಡುಗನದಲ್ಲ, ಬರೆದುಕೊಂಡವನದು ಎಂದು ತಿಳಿಸಿ ಬಂದೆ. ಅವರು ಹೆಚ್ಚೇನೂ ಮಾತನಾಡಲಿಲ್ಲ. ಮಗನಿಗೆ ಕೈನೋವು ಹೇಗಿದೆಯೆಂದು ಮಾತ್ರ ಕೇಳಿದರು.

ಆ ಬಳಿಕ ಭೌತವಿಜ್ಞಾನದ ಅಧ್ಯಾಪಕರೂ ವ್ಯಾಯಾಮ ಶಿಕ್ಷಕರೂ ಕೂಡಿ ಒಂದು ಕ್ರಮವನ್ನು ಏರ್ಪಡಿಸಿದ್ದಾರೆ. ಕಾಣಿಕೆ ಕೊಟ್ಟ ಮಹನೀಯರೂ ಅದನ್ನು ಮೆಚ್ಚಿದ್ದಾರೆ. ಯಂತ್ರವನ್ನು ಕೈಯಲ್ಲಿ ಹಿಡಿಯದೆ, ಬೌಲರನ ಹಿಂದೆ ಚೆಂಡಿನ ದಾರಿಗೆ ನೇರವಾಗಿ ಮುಕ್ಕಾಲಿಯ ಮೇಲೆ ಕೂರಿಸುವುದು. ಅಳೆಯುವಾಗ ದಾಂಡಿಗನೇ ಇರಬಾರದು. ವಿಕೆಟ್ಟಿನ ಹಿಂದೆ ಬಲೆ ಮಾತ್ರ. ಒಬ್ಬ ಹುಡುಗನಿಗೆ ದಿನಕ್ಕೆ ಆರೇ ಎಸೆತ, ಅದೂ ವಾರಕ್ಕೊಮ್ಮೆ. ಪುಸ್ತಕದಲ್ಲಿ ಆರನ್ನೂ ಬರೆಯತಕ್ಕದ್ದು, ಅತ್ಯಧಿಕವನ್ನು ಮಾತ್ರವಲ್ಲ. ಚರ್ಮದ ಚೆಂಡೋ ಟೆನ್ನಿಸ್ ಚೆಂಡೋ ಎಂಬುದನ್ನೂ, ಚೆಂಡು ವಿಕೆಟ್ಟಿನ ನೇರಕ್ಕೆ ಬಿತ್ತೋ ಇಲ್ಲವೋ ಎಂಬುದನ್ನೂ ಪಕ್ಕದ ಅಂಕಣದಲ್ಲಿ ಬರೆಯತಕ್ಕದ್ದು. ಈ ಸಂಚಿಕೆಯ ಕೊನೆಯಲ್ಲಿರುವ ಶಾಲಾ ದಾಖಲೆಗಳ ಪಟ್ಟಿಯಲ್ಲಿ ವೇಗದ ಸಾಲು ಇಲ್ಲದಿರುವುದಕ್ಕೆ ಕಾರಣವೂ ಇದೇ. ಒಂದು ವರ್ಷದ ಪುಸ್ತಕ ತುಂಬಿದ ಮೇಲೆ ನೋಡೋಣವೆಂದು ನಿರ್ಧಾರವಾಗಿದೆ.

ಪುಸ್ತಕವನ್ನು ಬರೆಯುವ ಕೆಲಸವನ್ನು ಆ ಹುಡುಗನಿಗೇ ಒಪ್ಪಿಸಿದ್ದೇವೆ. ಕೈ ವಾಸಿಯಾಗುವ ತನಕ ಅವನು ಮಿಕ್ಕವರ ಅಂಕಿಗಳನ್ನು ಬರೆದ. ಈಗ ತನ್ನವನ್ನೂ ಬರೆಯುತ್ತಾನೆ. ಕಳೆದ ವಾರದ ಅವನ ಆರು ಎಸೆತಗಳು 109, 112, 111, 113, 110, 112. ಪಕ್ಕದ ಅಂಕಣದಲ್ಲಿ, ಐದು ನೇರ, ಒಂದು ಹೊರಗೆ ಎಂದು ಕನ್ನಡದಲ್ಲಿ ದುಂಡಾಗಿ ಬರೆದಿದ್ದಾನೆ.